ಮನೆಗೆ ಬಂದ ಭಾರತ್‌ನೆಟ್ ಫೈಬರ್: ಒಂದು ವರ್ಷದ ಅನುಭವ

ದೂರಸಂಪರ್ಕ ಕಂಪನಿಗಳ ಆದಾಯದಿಂದ ಶೇ. 5ರಂತೆ ಸಂಗ್ರಹವಾಗುವ ನಿಧಿಯ ಬಲದಲ್ಲಿ, ಗ್ರಾಮ ಪಂಚಾಯಿತಿಗಳಿಗೆ ಇಂಟರ್ನೆಟ್ ತಲುಪಿಸಲು 2011ರಲ್ಲಿ ಮಂಜೂರಾದ ಕೇಂದ್ರ ಸರ್ಕಾರದ ಭಾರತ್‌ನೆಟ್ ಯೋಜನೆಯ ಕೇಬಲ್ಲು ಪಂಚಾಯಿತಿ ಕಚೇರಿಯಿಂದ ನಮ್ಮ ಮನೆಗೆ ಬಂದು ವರ್ಷವಾಯಿತು. ಸಿಗ್ನಲ್‌ಗಾಗಿ ಮಾಳಿಗೆ ಹತ್ತುತ್ತಿದ್ದ ಮಗಳು ಈಗ ಪಡಸಾಲೆಯಲ್ಲೇ ಕುಳಿತು, ಎಲ್ಲಿಯೂ ತಡೆಯಿಲ್ಲದೆ ಪಾಠ ಕೇಳುತ್ತಾಳೆ. ಇದಕ್ಕೆ ನಾನು ಮನಸಾರೆ ಕೃತಜ್ಞ.

ಕೊರತೆಯಿರುವುದು ನಿರ್ವಹಣೆಯಲ್ಲಿ. ನೀರಿನ ಪೈಪಿಗೆಂದು ಜೆಸಿಬಿ ರಸ್ತೆಯಂಚು ಅಗೆದಾಗ ಕೇಬಲ್ಲು ತುಂಡಾಗಿ, ಮೋಡೆಮ್ಮಿನ ಕೆಂಪು ದೀಪ ಹನ್ನೊಂದು ದಿನ ಮಿನುಗುತ್ತಲೇ ಇತ್ತು. ದೂರು ಕೊಟ್ಟರೂ ಯಾರೂ ಬರಲಿಲ್ಲ. 2023ರಲ್ಲಿ ಒಪ್ಪಿಗೆ ಪಡೆದ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಯಲ್ಲಿ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವ ಉಂಗುರ ಜೋಡಣೆಯೂ ಹತ್ತು ವರ್ಷಗಳ ನಿರ್ವಹಣೆಯೂ ಸೇರಿವೆ. ನಮ್ಮೂರಿಗೆ ತುರ್ತಾಗಿ ಬೇಕಾದದ್ದು ಅದೇ.