ಟೆವ್ಯೆ ಯಾರ ಹತ್ತಿರ ಮಾತಾಡ್ತಾನೆ? ಒಂದು ಪಾತ್ರ, ನಾಲ್ಕು ದನಿ

ಮೂರು ವಾರದಿಂದ ರಾತ್ರಿ ಹೊತ್ತು ನನಗೆ ಇದೇ ಕೆಲಸ. ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಒಂದೇ ಪಾತ್ರವನ್ನು ಬೇರೆ ಬೇರೆ ನಟರ ದನಿಯಲ್ಲಿ ಕೇಳುತ್ತಿದ್ದೇನೆ. ಪಾತ್ರ ‘ಫಿಡ್ಲರ್ ಆನ್ ದ ರೂಫ್’ ಎಂಬ ಸಂಗೀತ ನಾಟಕದ ಟೆವ್ಯೆ. ರಷ್ಯಾದ ಚಕ್ರವರ್ತಿಯ ಕಾಲದ ಅನತೆವ್ಕಾ ಎಂಬ ಯಹೂದಿ ಹಳ್ಳಿಯಲ್ಲಿ ಹಾಲು ಮಾರುವ ಬಡವ. ಐದು ಹೆಣ್ಣುಮಕ್ಕಳ ಅಪ್ಪ.

ಟೆವ್ಯೆ ಸುಮ್ಮನಿರುವ ಜೀವ ಅಲ್ಲ. ದೇವರ ಹತ್ತಿರ ಮಾತಾಡ್ತಾನೆ, ಕುಂಟು ಕುದುರೆಯ ಹತ್ತಿರ ಮಾತಾಡ್ತಾನೆ, ನಮ್ಮ ಹತ್ತಿರವೂ ಮಾತಾಡ್ತಾನೆ. ಅದಕ್ಕೇ ನಾನು ದನಿ ಚೆನ್ನಾಗಿದೆಯಾ ಇಲ್ಲವಾ ಅಂತ ನೋಡಲು ಹೋಗಲಿಲ್ಲ. ಈ ನಟ ಹಾಡುವಾಗ ಯಾರನ್ನು ನೋಡ್ತಾ ಹಾಡ್ತಾನೆ ಅನ್ನೋದನ್ನಷ್ಟೇ ಹಿಡಿದುಕೊಂಡು ಕೂತೆ.

ಮೊದಲು ಝೀರೋ ಮೋಸ್ಟೆಲ್. 1964ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ನಾಟಕ ಶುರುವಾದಾಗ ಟೆವ್ಯೆ ಆಗಿದ್ದವರು ಇವರೇ. ಆ ಮೊದಲ ಓಟ 3,242 ಪ್ರದರ್ಶನದ ತನಕ ಹೋಯಿತು. ಮೋಸ್ಟೆಲ್ ಮಾತ್ರ ಒಂದು ವರ್ಷ ತುಂಬುವ ಮೊದಲೇ ಬಿಟ್ಟರು. ನಮಗೆ ಉಳಿದಿರುವುದು ಆಲ್ಬಂ. ಶ್ರೀಮಂತನಾಗಿದ್ದರೆ ಏನೇನು ಮಾಡ್ತಿದ್ದೆ ಅಂತ ಟೆವ್ಯೆ ಕನಸು ಕಾಣುವ ಹಾಡಿದೆಯಲ್ಲ, ಅದನ್ನು ಹಾಕಿ ನೋಡಿ. ಅಂಗಳದ ತುಂಬ ಕೋಳಿ, ಬಾತುಕೋಳಿ ಇರುತ್ತವೆ ಅನ್ನುವ ಜಾಗ ಬಂದಾಗ ಈ ಮನುಷ್ಯ ಹಾಡುವುದನ್ನೇ ಬಿಟ್ಟು ಕೋಳಿಯಾಗಿಬಿಡುತ್ತಾರೆ! ಗಂಟಲಿನಿಂದ ಕೀರಲು, ಕೊಕ್ಕೊಕ್ಕೋ, ಗೊರಗೊರ, ಎಲ್ಲ ಬರುತ್ತದೆ. ಹಾಡಿನ ನಡುವೆ ಬರುವ ಅರ್ಥವಿಲ್ಲದ ಅಕ್ಷರಗಳೂ ಸುಮ್ನೆ ತುಂಬಿಸಿದವಲ್ಲ. ಹಸೀದಿ ಎಂಬ ಭಕ್ತಿಪಂಥದ ಯಹೂದಿಗಳು ಮಾತಿಲ್ಲದೆ ಹಾಡುವ ನಿಗುನ್ ಎಂಬ ಪದ್ಧತಿಯಿಂದ ಬಂದವು. ಮೋಸ್ಟೆಲ್ ಅವನ್ನು ಬಾಯಿಯಲ್ಲಿ ಹೊರಳಿಸಿ ಹೊರಳಿಸಿ ಸವಿಯುತ್ತಾರೆ.

ಆ ಹಾಡಿನ ಕೊನೆಯ ಚರಣ ತಮಾಷೆ ಅಲ್ಲ. ದುಡ್ಡಿದ್ದರೆ ಪ್ರಾರ್ಥನಾ ಮಂದಿರದಲ್ಲಿ ಕೂರೋಕೆ, ಓದಿದವರ ಜೊತೆ ಧರ್ಮಗ್ರಂಥ ಚರ್ಚೆ ಮಾಡೋಕೆ ಸಮಯ ಸಿಗುತ್ತಿತ್ತಲ್ಲ ಅನ್ನುವ ಆಸೆ ಅದು. ನಗಿಸುವ ಹಾಡು ಹೀಗೆ ಗಂಭೀರವಾಗಿ ಮುಗಿಯಬಾರದು ಅಂತ ಗೀತೆ ಬರೆದ ಶೆಲ್ಡನ್ ಹಾರ್ನಿಕ್ ಅವರಿಗೆ ಅನ್ನಿಸಿತ್ತಂತೆ. ಅದನ್ನು ತೆಗೆಯಬೇಡಿ, ಟೆವ್ಯೆ ಅಂದರೆ ಆ ಸಾಲುಗಳೇ ಅಂತ ಹಟ ಹಿಡಿದವರು ಮೋಸ್ಟೆಲ್. ಅವರ ದನಿ ಅಲ್ಲಿ ಇದ್ದಕ್ಕಿದ್ದಂತೆ ಮೆತ್ತಗಾಗುವುದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆದರೂ ಅವರು ಮಾತಾಡುವುದು ನಮ್ಮ ಜೊತೆ, ಎದುರಿಗೆ ಕೂತ ಜನರ ಜೊತೆ. ನಗು ಎಲ್ಲಿ ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತು.

ಟೊಪೋಲ್ ಹಾಗಲ್ಲ. ಬಹುಪಾಲು ಜನರಿಗೆ ಟೆವ್ಯೆ ಅಂದರೆ 1971ರ ಸಿನಿಮಾದ ಈ ಇಸ್ರೇಲಿ ನಟನೇ. 1967ರಲ್ಲಿ ಲಂಡನ್ ರಂಗಮಂದಿರದಲ್ಲಿ ಪಾತ್ರ ಮಾಡಿದಾಗ ಅವರಿಗೆ ಬರೀ 31 ವರ್ಷ. ಮದುವೆಗೆ ಬಂದ ಮಕ್ಕಳ ಅಪ್ಪನ ಪಾತ್ರ ಅದು! ಆ ಲಂಡನ್ ಆಲ್ಬಂ ಕೂಡ ಕೇಳಿದೆ. ದನಿ ಗಟ್ಟಿ, ತುಂಬಿದ ದನಿ, ಆದರೆ ಆಯಾಸ ಕಮ್ಮಿ. ಸಿನಿಮಾದಲ್ಲಿ ಆ ಆಯಾಸ ಬಂದಿದೆ. ಕೊಟ್ಟಿಗೆಯಲ್ಲಿ ಶ್ರೀಮಂತಿಕೆಯ ಹಾಡು ಹೇಳುತ್ತಾ ತೋಳೆತ್ತಿ ಭುಜ ಕುಣಿಸುವಾಗ ಅವರ ಕಣ್ಣು ಮೇಲೇ ಇರುತ್ತದೆ. ನಿಜವಾಗಲೂ ದೇವರ ಹತ್ತಿರ ಜಗಳ ಆಡುತ್ತಿದ್ದಾರೆ, ನಾವು ಮರೆಯಲ್ಲಿ ನಿಂತು ಕೇಳುತ್ತಿದ್ದೇವೆ ಅನ್ನಿಸುತ್ತದೆ. ಛಾಯಾಗ್ರಾಹಕ ಓಸ್ವಾಲ್ಡ್ ಮಾರಿಸ್ ಲೆನ್ಸಿಗೆ ಕಂದು ಬಣ್ಣದ ಹೆಂಗಸರ ಸ್ಟಾಕಿಂಗ್ ಕಟ್ಟಿ ಚಿತ್ರೀಕರಿಸಿದರು. ಹಾಗಾಗಿ ಇಡೀ ಸಿನಿಮಾಕ್ಕೆ ಮಣ್ಣಿನ ಬಣ್ಣ ಬಂದಿದೆ. ಆ ಬಣ್ಣದಲ್ಲಿ ಟೊಪೋಲ್ ಮುಖ ಇನ್ನಷ್ಟು ದಣಿದು ಕಾಣುತ್ತದೆ.

ಮೂರನೇ ಮಗಳು ಖಾವಾ ಬೇರೆ ಧರ್ಮದ ಹುಡುಗನನ್ನು ಮದುವೆಯಾಗಿ ಬರುವ ದೃಶ್ಯ ನೋಡಿ. ಮೊದಲ ಇಬ್ಬರು ಮಕ್ಕಳ ವಿಷಯದಲ್ಲಿ ಟೆವ್ಯೆ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಅಂತ ತೂಗಿ ತೂಗಿ ಒಪ್ಪಿಕೊಂಡಿರುತ್ತಾನೆ. ಇಲ್ಲೂ ತೂಗಲು ಶುರುಮಾಡುತ್ತಾನೆ. ಆಮೇಲೆ ತಕ್ಕಡಿಗೆ ಇನ್ನೊಂದು ತಟ್ಟೆಯೇ ಇಲ್ಲ ಅಂತ ಗೊತ್ತಾಗುತ್ತದೆ. ಟೊಪೋಲ್ ಅಲ್ಲಿ ಕೂಗುವ ‘ಇಲ್ಲ’ ಮಗಳಿಗೆ ಹೇಳಿದ್ದಾ, ದೇವರಿಗೆ ಹೇಳಿದ್ದಾ? ನಾನು ಐದಾರು ಸಲ ಹಿಂದೆ ಹಾಕಿ ನೋಡಿದೆ. ಇಬ್ಬರಿಗೂ ಅಂತಲೇ ಅನ್ನಿಸುತ್ತದೆ.

2004ರ ಬ್ರಾಡ್‌ವೇ ಮರುಪ್ರದರ್ಶನದ ಆಲ್ಫ್ರೆಡ್ ಮೋಲೀನಾ ಅವರ ಆಲ್ಬಂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಳ್ಳೆಯ ನಟ, ಸಂಯಮದ ಹಾಡುಗಾರಿಕೆ. ಆದರೆ ಎರಡು ಸಲ ಕೇಳಿದರೂ ಇವರು ಯಾರ ಹತ್ತಿರ ಮಾತಾಡುತ್ತಿದ್ದಾರೆ ಅಂತ ನನಗೆ ಗೊತ್ತಾಗಲಿಲ್ಲ. ಸಂಯಮ ಇರಲಿ, ಆದರೆ ಟೆವ್ಯೆಗೆ ಎದುರಿಗೆ ಒಬ್ಬರು ಬೇಕೇ ಬೇಕು ಅಲ್ವಾ?

ಕೊನೆಗೆ ಸ್ಟೀವನ್ ಸ್ಕೈಬೆಲ್. 2018ರಲ್ಲಿ ನ್ಯೂಯಾರ್ಕಿನ ನ್ಯಾಷನಲ್ ಯಿಡ್ಡಿಷ್ ಥಿಯೇಟರ್ ಫೋಕ್ಸ್‌ಬೀನೆ ಇಡೀ ನಾಟಕವನ್ನು ಪೂರ್ವ ಯುರೋಪಿನ ಯಹೂದಿಗಳ ಆಡುಮಾತಾದ ಯಿಡ್ಡಿಷ್ ಭಾಷೆಯಲ್ಲಿ ಆಡಿತು. ನಿರ್ದೇಶನ ಜೋಯಲ್ ಗ್ರೇ. ಅನುವಾದ ಮಾತ್ರ ಹಳೆಯದು, 1965ರಲ್ಲಿ ಇಸ್ರೇಲಿನಲ್ಲಿ ಆಡಲು ಶ್ರಾಗಾ ಫ್ರೀಡ್ಮನ್ ಮಾಡಿದ್ದು. ಟೆವ್ಯೆಯನ್ನು ಹುಟ್ಟಿಸಿದ ಶೋಲೆಮ್ ಅಲೈಖೆಮ್ ಬರೆದದ್ದೂ ಯಿಡ್ಡಿಷಿನಲ್ಲೇ. ಅಂದರೆ ಟೆವ್ಯೆ ಇಲ್ಲಿ ತನ್ನ ಮನೆಮಾತಿಗೆ ವಾಪಸ್ ಬಂದಿದ್ದಾನೆ. ಶ್ರೀಮಂತಿಕೆಯ ಹಾಡಿನಲ್ಲಿ ‘ಶ್ರೀಮಂತ’ ಅನ್ನುವ ಬದಲು ‘ರಾತ್‌ಶೀಲ್ಡ್’ ಅಂತಾನೆ. ಆ ಕಾಲದ ಯಹೂದಿ ಬಡವನಿಗೆ ಐಶ್ವರ್ಯ ಅಂದರೆ ಆ ಬ್ಯಾಂಕಿಂಗ್ ಮನೆತನದ ಹೆಸರೇ.

ನನಗೆ ಯಿಡ್ಡಿಷ್ ಬರೋದಿಲ್ಲ. ಆದರೂ ಕೇಳಿದ ಆಲ್ಬಂಗಳಲ್ಲೆಲ್ಲ ನಾನು ಮನಸೋತದ್ದು ಇದಕ್ಕೇ. ಸ್ಕೈಬೆಲ್ ಹಾಡನ್ನು ಎತ್ತಿ ತೋರಿಸುವುದಿಲ್ಲ. ಕೆಲಸ ಮಾಡುತ್ತಾ ಗೊಣಗಿಕೊಳ್ಳುವವರ ಹಾಗೆ ಶುರುಮಾಡುತ್ತಾರೆ. ಮೋಸ್ಟೆಲ್ ನಮ್ಮ ಜೊತೆ, ಟೊಪೋಲ್ ದೇವರ ಜೊತೆ ಮಾತಾಡಿದರೆ, ಇವರು ಮಾತಾಡುವುದು ತಮ್ಮ ಜೊತೆಗೇ. ಕೊನೆಯ ಚರಣದಲ್ಲಿ ಗತಿ ನಿಧಾನವಾದಾಗ ಈ ಆಸೆ ಈಡೇರೋದಿಲ್ಲ ಅಂತ ಹಾಡುವವನಿಗೂ ಗೊತ್ತಿದೆ ಅನ್ನಿಸಿ ಗಂಟಲು ಕಟ್ಟಿತು. ಒಂದೇ ಆಲ್ಬಂ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಮೊದಲ ಸಲ ಕೇಳುವವರಿಗೆ ಮಾತ್ರ ಸಿನಿಮಾದಿಂದ ಶುರುಮಾಡಿ ಅಂತೀನಿ, ಕತೆ ಕಣ್ಣೆದುರು ಇರುತ್ತದೆ.

ಒಂದು ಹಾಡಿನಲ್ಲಿ ಮಾತ್ರ ಸ್ಕೈಬೆಲ್ ಅವರನ್ನೂ ಪಕ್ಕಕ್ಕಿಡಬೇಕು. 25 ವರ್ಷ ಸಂಸಾರ ಮಾಡಿದ ಮೇಲೆ ಟೆವ್ಯೆ ಹೆಂಡತಿ ಗೋಲ್ಡೆಯನ್ನು ನನ್ನ ಮೇಲೆ ನಿನಗೆ ಪ್ರೀತಿ ಇದೆಯಾ ಅಂತ ಕೇಳುವ ಹಾಡು. ಇಬ್ಬರೂ ಮೊದಲು ಮುಖ ನೋಡಿದ್ದೇ ಮದುವೆಯ ದಿನ. ಅವಳು ಬಟ್ಟೆ ಒಗೆದೆ, ಅಡುಗೆ ಮಾಡಿದೆ, ಹಸು ಕರೆದೆ ಅಂತ ಲೆಕ್ಕ ಒಪ್ಪಿಸುತ್ತಾಳೆ. ಮೋಸ್ಟೆಲ್ ಆಲ್ಬಂನಲ್ಲಿ ಮರಿಯಾ ಕಾರ್ನಿಲೋವಾ ಸಿಡುಕಿ ಉತ್ತರ ಕೊಡುವುದು ಸೊಗಸಾಗಿದೆ. ಆದರೆ ಸಿನಿಮಾದಲ್ಲಿ ಟೊಪೋಲ್ ಜೊತೆ ನಾರ್ಮಾ ಕ್ರೇನ್ ಇದ್ದಾರೆ. ಚಿತ್ರೀಕರಣದ ಹೊತ್ತಿಗೆ ಕ್ರೇನ್ ಅವರಿಗೆ ಕ್ಯಾನ್ಸರ್ ಇತ್ತು, 1973ರಲ್ಲಿ ತೀರಿಕೊಂಡರು. ಅದು ಗೊತ್ತಿಲ್ಲದೆ ನೋಡಿದಾಗಲೂ ಈ ದೃಶ್ಯ ನನ್ನನ್ನು ಹಿಡಿದು ನಿಲ್ಲಿಸಿತ್ತು. ಟೊಪೋಲ್ ಕಣ್ಣು ಇಲ್ಲಿ ಮೇಲಕ್ಕೆ ಹೋಗುವುದಿಲ್ಲ. ಇಡೀ ಹಾಡು ಅವಳ ಮುಖವನ್ನೇ ನೋಡ್ತಾ ಉತ್ತರಕ್ಕೆ ಕಾಯುತ್ತಾರೆ.