ಹೊಸ ಬ್ರೇಕ್ ಪೈಪ್ ಅಂದರೆ ನಂಬಬೇಡಿ, ಕಾರಿನ ಅಡಿಗೆ ಹೋಗಿ ನೋಡಿ

ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ರಿಸ್ಟೋರ್ ಮಾಡಲು ಯಾರಿಗಾದರೂ ಕೊಟ್ಟಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ.

ನನ್ನದು 1967ರ ಎಂಜಿಬಿ ರೋಡ್‌ಸ್ಟರ್. ವರ್ಕ್‌ಶಾಪ್‌ನವರು ಬಿಲ್‌ನಲ್ಲಿ ‘ಬ್ರೇಕ್ ಲೈನ್ ಪೂರ್ತಿ ಹೊಸದು’ ಅಂತ ಬರೆದುಕೊಟ್ಟರು. ಪೈಪ್ ಹೊಸದೇ, ಅದು ಸುಳ್ಳಲ್ಲ. ಆದರೆ ಅದನ್ನು ಹೇಗೆ ಎಳೆದಿದ್ದಾರೆ ಅಂತ ಕಾಣದ ಹಾಗೆ ಅಡಿಯೆಲ್ಲ ಕಪ್ಪು ಅಂಡರ್‌ಸೀಲ್ (ತುಕ್ಕು ಹಿಡಿಯದಂತೆ ಹಚ್ಚುವ ದಪ್ಪ ಲೇಪ) ಬಳಿದಿದ್ದರು.

ಇಂಗ್ಲೆಂಡಿನ ಬ್ರಾಡ್‌ವೇ ಹತ್ತಿರ ಫಿಶ್ ಹಿಲ್ ಅಂತ ಒಂದು ಇಳಿಜಾರಿದೆ. ಹೆಂಡತಿ ಪಕ್ಕದಲ್ಲಿದ್ದಳು. ಬ್ರೇಕ್ ಒತ್ತಿದೆ, ಪೆಡಲ್ ಮೆತ್ತಗೆ ಇಳಿದು ನೆಲಕ್ಕೆ ಕೂತಿತು. ಮತ್ತೆ ಮತ್ತೆ ಒತ್ತಿದರೂ ಏನೂ ಇಲ್ಲ. ಗೇರ್ ಇಳಿಸುತ್ತಾ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಹುಲ್ಲಿನ ಅಂಚಿಗೆ ತಂದು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಕೇಬಲ್‌ನಲ್ಲಿ ನಡೆಯುತ್ತೆ, ಅದಕ್ಕೇ ಬದುಕಿಕೊಂಡೆವು. ಆ ಕಾಲದ ಬ್ರಿಟನ್ನಿನ ಎಂಜಿಬಿಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ಹೋಗುವುದು ಒಂದೇ ಜಾಲದಲ್ಲಿ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋದ ಹಾಗೇ.

ಬೇರೊಬ್ಬ ಮೆಕ್ಯಾನಿಕ್ ಕಾರನ್ನು ಎತ್ತಿ ತೋರಿಸಿದ. ಹಿಂದಿನ ಆಕ್ಸಲ್‌ಗೆ ಹೋಗುವ ಪೈಪನ್ನು ಲೋಹದ ಕ್ಲಿಪ್ ಬದಲು ಪ್ಲಾಸ್ಟಿಕ್ ಟೈನಲ್ಲಿ ಕಟ್ಟಿದ್ದರು, ಅದೂ ಎಕ್ಸಾಸ್ಟ್ ಪಕ್ಕದಲ್ಲೇ. ಬಿಸಿಗೆ ಟೈ ಮೆತ್ತಗಾಗಿ ಬಿಟ್ಟುಕೊಂಡಿತ್ತು. ಪೈಪ್ ಜೋತುಬಿದ್ದು ಎಕ್ಸಾಸ್ಟ್ ಕ್ಲ್ಯಾಂಪ್‌ನ ಬೋಲ್ಟ್ ತುದಿಗೆ ಉಜ್ಜುತ್ತಿತ್ತು. ಉಜ್ಜಿದ ಜಾಗದಲ್ಲಿ ತಾಮ್ರ ಹೊಸ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಅದರ ನಡುವೆ ಸೂಜಿ ಮೊನೆಯಷ್ಟು ತೂತು.

ತೂತು ಬೀಳದಿದ್ದರೂ ಎಕ್ಸಾಸ್ಟ್ ಪಕ್ಕ ಪೈಪ್ ಹಾಯಿಸುವುದೇ ತಪ್ಪು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಒಳಗೆ ಆವಿ ಕಟ್ಟುತ್ತೆ, ಪೆಡಲ್ ಸುಮ್ನೆ ಒಳಗೆ ಹೋಗುತ್ತೆ. ಇನ್ನು ಬರೀ ತಾಮ್ರದ ಪೈಪ್ ಬಗ್ಗಿಸಲು ಸುಲಭ ಅಂತ ಹಾಕುತ್ತಾರೆ. ಅದು ಅಲುಗಾಡುತ್ತಾ ಗಡುಸಾಗಿ ಬಿರುಕು ಬಿಡುತ್ತೆ. ತಾಮ್ರ-ನಿಕ್ಕಲ್ ಮಿಶ್ರಣದ ಪೈಪನ್ನೇ ಕೇಳಿ. ಅದೂ ಅಲುಗಾಡದ ಹಾಗೆ ಉದ್ದಕ್ಕೂ ಲೋಹದ ಕ್ಲಿಪ್ ಬೇಕು.

ಲೋಹದ ಪೈಪಿನ ಕೊನೆಗೆ ಜೋಡಿಸುವ, ಬಗ್ಗುವ ಫ್ಲೆಕ್ಸಿಬಲ್ ಹೋಸ್‌ಗಳನ್ನಂತೂ ಕಣ್ಣಾರೆ ನೋಡಿ. ಮುಂದಿನ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಚಕ್ರ ನೇತಾಡುವಾಗ ಒಂದು ಸಲ, ಭಾರ ಬಿದ್ದಾಗ ಒಂದು ಸಲ. ಹೋಸ್ ಬಿಗಿಯಬಾರದು, ಟೈರಿಗೂ ತಾಗಬಾರದು. ಹಿಂದೆ ಆಕ್ಸಲ್ ಲೀಫ್ ಸ್ಪ್ರಿಂಗ್ ಮೇಲೆ ಏರಿಳಿಯುತ್ತಲೇ ಇರುತ್ತೆ, ಅಲ್ಲಿಯೂ ಹೀಗೇ ಪರೀಕ್ಷಿಸಿ.

ವರ್ಕ್‌ಶಾಪ್‌ನವರನ್ನು ಕೇಳಿದರೆ ‘ಪೈಪ್ ಹೊಸದೇ ಹಾಕಿದ್ವಲ್ಲ’ ಅಂದರು. ದುಡ್ಡು ವಾಪಸ್ ಬರಲಿಲ್ಲ. ದುಡ್ಡಿಗಿಂತ ಆ ಮಾತೇ ಜಾಸ್ತಿ ನೋವು ಕೊಟ್ಟಿತು.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ 2018ರಿಂದ ವಾರ್ಷಿಕ ಎಂಒಟಿ ಪರೀಕ್ಷೆ (ಕಾರು ರಸ್ತೆಗೆ ಸುರಕ್ಷಿತವೇ ಅಂತ ನೋಡುವ ತಪಾಸಣೆ) ಕಡ್ಡಾಯವಲ್ಲ. ಅಂದರೆ ಇಂಥ ಕಾರಿನ ಅಡಿಯನ್ನು ಹೊರಗಿನವರು ಯಾರೂ ನೋಡದೇ ಇರಬಹುದು. ನಾವೇ ಕೇಳಿ ಎಂಒಟಿ ಮಾಡಿಸಿಕೊಳ್ಳಬಹುದು, ನಾನೀಗ ಅದನ್ನೇ ಮಾಡುತ್ತಿದ್ದೇನೆ. ನಿಮ್ಮ ಕಾರು ಇನ್ನೂ ವರ್ಕ್‌ಶಾಪ್‌ನಲ್ಲಿದ್ದರೆ, ಅಂಡರ್‌ಸೀಲ್ ಬಳಿಯುವ ಮೊದಲೇ ಹೋಗಿ ಪೈಪಿನ ದಾರಿಯ ಫೋಟೋ ತೆಗೆದುಕೊಳ್ಳಿ. ಒಪ್ಪದಿದ್ದರೆ ಕೊನೆಯ ಕಂತು ಕೊಡಬೇಡಿ.