ಭಾರಿ ಅಶ್ವದಳ (ಕವಚ ತೊಟ್ಟ ಸವಾರರ ಪಡೆ): ಪಾರ್ಶ್ವದಲ್ಲೋ, ಹಿಂದೆ ಮೀಸಲಾಗಿಯೋ?

ಬದಿ ಬಯಲಾಗಿ, ನೆಲ ಗಟ್ಟಿಯಿದ್ದರೆ ಪಾರ್ಶ್ವವೇ ಸರಿ: ಎದುರಾಳಿಯ ಕುದುರೆಗಳನ್ನು ಓಡಿಸಿ ಕಾಲಾಳುಗಳ ಪಕ್ಕೆಗೆ ತಿರುಗಬಹುದು. ಆದರೆ 1415ರ ಅಜಿಂಕೂರು ಕದನದಲ್ಲಿ ಇಂಗ್ಲಿಷರ ಎದುರು ಫ್ರೆಂಚರು ಎರಡೂ ಪಾರ್ಶ್ವಗಳಲ್ಲಿ ಕುದುರೆ ನಿಲ್ಲಿಸಿಯೂ ಕೆಟ್ಟರು. ಅಕ್ಕಪಕ್ಕ ಕಾಡು, ಸುತ್ತಿ ಬರಲು ದಾರಿಯಿಲ್ಲ; ಕಾಲಡಿ ಉತ್ತ ಹೊಲದ ಕೆಸರು, ಎದುರಿಗೆ ಬಿಲ್ಲಾಳುಗಳು ನೆಟ್ಟ ಚೂಪುಗೂಟ. ಬಾಣ ತಾಗಿದ ಕುದುರೆಗಳು ತಿರುಗಿ, ಮುಂದೆ ಬರುತ್ತಿದ್ದ ತಮ್ಮವರ ಮೇಲೇ ನುಗ್ಗಿದವು.

ಮೀಸಲು ಇಡುವುದಕ್ಕೆ ಗುಂಡಿಗೆ ಬೇಕು. 1268ರಲ್ಲಿ ಇಟಲಿಯ ಟ್ಯಾಲಿಯಾಕೋಜೊ ಬಳಿ ಅಂಜೂವಿನ ಚಾರ್ಲ್ಸ್ ಮೂರನೇ ದಳವನ್ನು ಮರೆಯಲ್ಲಿಟ್ಟ. ಮುಂದಿನೆರಡು ದಳ ಮುರಿದರೂ ಕದಲಲಿಲ್ಲ. ಎದುರಾಳಿ ಕಾನ್ರಾಡಿನನ ಸವಾರರು ಬೆನ್ನಟ್ಟುತ್ತ, ಕೊಳ್ಳೆಹೊಡೆಯುತ್ತ ಚದುರಿದ ಮೇಲೆ ಎರಗಿ ಗೆದ್ದ. ಬೆಲೆ ದುಬಾರಿ, ನಿಜ. ಆದರೂ ನೆಲದ ಬಗ್ಗೆ ಅನುಮಾನವಿದ್ದರೆ ಮೀಸಲೇ ಮೇಲು.

ಕಾಲುವೆ ದಾಟಿ ಈಟಿಸಾಲಿಗೆ ನೇರ ನುಗ್ಗುವುದಂತೂ ಬೇಡ. 1302ರ ಕೋರ್ಟ್ರೈ ಕದನ ಸಾಕ್ಷಿ: ಫ್ಲಾಂಡರ್ಸಿನ ಕಾಲಾಳುಗಳ ಮೇಲೆ ಹಾಗೆ ನುಗ್ಗಿದ ಫ್ರೆಂಚ್ ಸವಾರರು ಸೋತರು.